ಕಂಬಳಿಯ ಕಿವಿ

"ಜೊತೆಗೆ ಯಾರಿದ್ದಾರೆ?"

ಸಿಸ್ಟರು ಕೇಳಿದ ಈ ಒಂದು ಪ್ರಶ್ನೆಗೆ ಎಣಿಕೆಯಪ್ಪ ಸ್ಟ್ರೆಚರಿನ ಮೇಲೆ ಮಲಗಿದಲ್ಲೇ ಕತ್ತು ಹೊರಳಿಸಿ ಅತ್ತಿತ್ತ ನೋಡಿದ, ಅಷ್ಟರಲ್ಲಿ ಯಾರಾದರೂ ಬಂದುಬಿಟ್ಟಿದ್ದಾರೇನೋ ಎನ್ನುವಂತೆ. ಯಾರು ಬರಬೇಕು? ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದುಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದವನ ಕೂಗು ಕೊನೆಗೂ ಕೇಳಿಸಿದ್ದು ಕೆಳಗಿನ ಅಂಗಡಿಯವನಿಗೆ. ಆ ಪುಣ್ಯಾತ್ಮ ಬಾಗಿಲು ಒಡೆದು, ಟ್ಯಾಕ್ಸಿ ಹತ್ತಿಸಿ, ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಹೊರಟೇಬಿಟ್ಟಿದ್ದ.

"ಯಾರೂ ಇಲ್ಲ," ಎಂದ.

"ಮಕ್ಕಳು? ತಮ್ಮ, ತಂಗಿ, ಯಾರಾದ್ರೂ?"

"ಇಲ್ಲ ಅಂದ್ನಲ್ಲಮ್ಮ."

ಸಿಸ್ಟರಿಗೆ ಪೇಚಾಟಕ್ಕಿಟ್ಟುಕೊಂಡಿತು. ರೋಗಿಯ ಜೊತೆ ಒಬ್ಬರು ಇರಲೇಬೇಕು, ತಿರುಗಿಸಿ ಮಲಗಿಸುವುದಕ್ಕೆ, ಔಷಧಿ ತರುವುದಕ್ಕೆ, ಕೊನೆಗೆ ಬೈಸಿಕೊಳ್ಳುವುದಕ್ಕಾದರೂ ಒಬ್ಬರು ಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಅವಳು ಹಿಂದೆ ತಿರುಗಿ ಕೂಗಿದಳು: "ಮಾಮಾ! ಹತ್ತನೇ ಬೆಡ್ಡಿಗೆ ಯಾರೂ ಇಲ್ವಂತೆ. ನೀವೇ ನೋಡ್ಕೋಬೇಕು."

ಹಾಸಿಗೆಗಳ ಸಾಲಿನ ಕೊನೆಯಲ್ಲಿ ಬಗ್ಗಿ ಏನೋ ಮಾಡುತ್ತಿದ್ದ ನರೆತ ತಲೆಯ ಮನುಷ್ಯನೊಬ್ಬ ನೆಟ್ಟಗಾದ. ಸ್ಟ್ರೆಚರಿನ ಹತ್ತಿರ ಬಂದು ರೋಗಿಯ ಮುಖ ನೋಡಿದ. ಕೊಂಚ ಹೆಚ್ಚೇ ಹೊತ್ತು ನೋಡಿದ. ಆಮೇಲೆ, "ಆಗ್ಲಿ ಸಿಸ್ಟರ್, ನಾನಿರ್ತೀನಿ," ಎಂದ.

ಎಣಿಕೆಯಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಜೈಲಿನಲ್ಲಿ ಕಾವಲು ಕೆಲಸಕ್ಕಿದ್ದಾಗ ಕೈದಿಗಳು ಬೆನ್ನ ಹಿಂದೆ ಇಟ್ಟದ್ದು. ಸಂಜೆ ಬೀಗ ಹಾಕುವ ಮುಂಚೆ ತಲೆ ಎಣಿಸುವುದು ಎಲ್ಲ ಜೈಲುಗಳಲ್ಲೂ ಇದ್ದದ್ದೇ. ಈ ಮಹಾಶಯ ಮಾತ್ರ ಒಮ್ಮೆ ಮುಂದಿನಿಂದ ಎಣಿಸಿ, ಲೆಕ್ಕ ಸರಿಯಾಗಿದ್ದರೂ ಸಮಾಧಾನವಿಲ್ಲದೆ, ಹಿಂದಿನಿಂದ ಇನ್ನೊಮ್ಮೆ ಎಣಿಸುತ್ತಿದ್ದ. ಊಟದ ಹೊತ್ತು ಮೀರಿ ಹೊಟ್ಟೆ ಚುರುಗುಟ್ಟುತ್ತಿದ್ದ ಯಾರೋ ಆ ಹೆಸರು ಕಟ್ಟಿದ, ಅದು ಮೆತ್ತಿಕೊಂಡಿತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಇತ್ತು. ಜೈಲಿನ ಹೊರಗೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಈ ಊರಿನಲ್ಲಂತೂ ಅವನ ಯಾವ ಹೆಸರೂ ಯಾರಿಗೂ ಬೇಕಿರಲಿಲ್ಲ. ಆಸ್ಪತ್ರೆ ಅವನನ್ನು ಹತ್ತನೇ ಬೆಡ್ಡು ಎಂದಿತು. ಜೀವಮಾನವೆಲ್ಲ ಜನರನ್ನು ನಂಬರು ಹಿಡಿದು ಕರೆದವನಿಗೆ ಇದು ಚೆನ್ನಾಗಿಯೇ ನಾಟಿತು.

ಆಪರೇಷನ್ ಆಯಿತು. ಮೂಳೆಗೆ ಮೊಳೆ ಹೊಡೆದರು. ಅಲುಗಾಡದೆ ಅಂಗಾತ ಮಲಗಿರಬೇಕು ಎಂದರು. ಛಾವಣಿಯ ಫ್ಯಾನು, ಅದರ ಪಕ್ಕದ ಒದ್ದೆ ಕಲೆ, ಇವೆರಡೇ ಅವನ ಪ್ರಪಂಚವಾದವು. ಮೂರನೆಯದು ಮಾಮನ ಮುಖ. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಅವನನ್ನು ಮಾಮ ಎಂದೇ ಕರೆಯುತ್ತಿದ್ದರು. ಎಂದೋ ಅನಾಥ ರೋಗಿಯೊಬ್ಬನನ್ನು ಹೊತ್ತುಕೊಂಡು ಬಂದವನು, ಆ ರೋಗಿ ತೀರಿಕೊಂಡ ಮೇಲೂ ಉಳಿದುಬಿಟ್ಟನಂತೆ. ಹಾಸಿಗೆ ಹಾಸುವುದು, ಎತ್ತುವುದು, ಇಳಿಸುವುದು, ಬಳಿಯುವುದು. ಮೂಗು ಮುಚ್ಚಿಕೊಳ್ಳದೆ ಮಲದ ಪಾತ್ರೆ ಎತ್ತುವವನ ಹತ್ತಿರ ನಿನ್ನ ಊರು ಯಾವುದು, ಕಾಗದಪತ್ರ ಎಲ್ಲಿ ಎಂದು ಯಾರು ಕೇಳುತ್ತಾರೆ? ಔಷಧಿ ಕೋಣೆಯ ಹಿಂದೆ ಒಂದು ಗೂಡು ಕೊಟ್ಟಿದ್ದರು, ಎರಡು ಹೊತ್ತು ಊಟ ಕೊಡುತ್ತಿದ್ದರು.

ಮಾಮ ಎತ್ತಿದರೆ ನೋವಾಗುತ್ತಿರಲಿಲ್ಲ. ಒಂದು ಕೈ ಹೆಗಲ ಕೆಳಗೆ, ಒಂದು ಕೈ ತೊಡೆಯ ಕೆಳಗೆ ತೂರಿಸಿ, "ಉಸಿರು ಬಿಡಿ ಯಜಮಾನ್ರೇ," ಎನ್ನುತ್ತಿದ್ದ. ಉಸಿರು ಬಿಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಚಮಚದಲ್ಲಿ ಹಾಲು ಕುಡಿಸುವಾಗ ತಾನೂ ಬಾಯಿ ತೆರೆಯುತ್ತಿದ್ದ, ಕೂಸಿಗೆ ತಿನ್ನಿಸುವ ತಾಯಿಯಂತೆ. ಹೆಂಡತಿ ಹೋದ ಮೇಲೆ ಎಣಿಕೆಯಪ್ಪನ ಮೈಯನ್ನು ಒಬ್ಬರು ಹೀಗೆ ಮುಟ್ಟಿದ್ದು ಇದೇ ಮೊದಲು. ಒಂದು ದಿನ ಮಾಮ ಬೆನ್ನು ಒರೆಸಿ ಹೋದ ಮೇಲೆ ಅವನಿಗೆ ಕಣ್ಣು ತುಂಬಿ ಬಂತು. ಔಷಧಿಯ ಘಾಟು ಎಂದು ತನಗೆ ತಾನೇ ಹೇಳಿಕೊಂಡ.

ವಾರ್ಡಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಒಬ್ಬ ಪೊಲೀಸ್ ಪೇದೆ ಕೂತಿರುತ್ತಿದ್ದ. ಕರುಳಿನ ಆಪರೇಷನ್ನಿಗೆ ಜೈಲಿಂದ ಬಂದ ಕಳ್ಳನೊಬ್ಬ ಅಲ್ಲಿದ್ದ, ಅವನ ಒಂದು ಕೈಗೆ ಬೇಡಿ, ಬೇಡಿಯ ಇನ್ನೊಂದು ತುದಿ ಮಂಚಕ್ಕೆ. ಪೇದೆ ಹೊಟ್ಟೆಯ ಮೇಲೆ ಟೋಪಿ ಇಟ್ಟುಕೊಂಡು ತೂಕಡಿಸುತ್ತಿದ್ದ. ಪಕ್ಕದ ಹಾಸಿಗೆಯಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ ಗಾರೆ ಮೇಸ್ತ್ರಿ. ಅವನಿಗೆ ಕಾಲು ಹೋದರೂ ಬಾಯಿ ನೆಟ್ಟಗಿತ್ತು.

ಒಂದು ಮಧ್ಯಾಹ್ನ ಗೋಡೆಯ ಟಿ.ವಿ.ಯಲ್ಲಿ ಸುದ್ದಿ ಬಂತು. ಎಲ್ಲೋ ದೂರದಲ್ಲಿ ಒಬ್ಬ ಮುದುಕನನ್ನು ಹಿಡಿದಿದ್ದಾರೆ, ಪ್ರಾಯದಲ್ಲಿ ಕೊಲೆ ಮಾಡಿ ಒಳಗಿದ್ದು ಜೈಲಿಂದ ತಪ್ಪಿಸಿಕೊಂಡವನು, ಅಷ್ಟೂ ವರ್ಷ ಸೈಕಲ್ ರಿಪೇರಿ ಮಾಡಿಕೊಂಡಿದ್ದವನು. ಮೊಮ್ಮಗಳೊಬ್ಬಳು ಕ್ಯಾಮೆರಾಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು.

"ಬಿಟ್ಬಿಡ್ಬೇಕಪ್ಪ ಅವನನ್ನ," ಎಂದ ಗಾರೆ ಮೇಸ್ತ್ರಿ. "ಜೈಲಿಗೆ ಯಾಕೆ ಹಾಕೋದು? ಬುದ್ಧಿ ಬರ್ಲಿ ಅಂತ. ಬಂದಾಯ್ತಲ್ಲ. ಇನ್ನೇನು ಬೇಕು?"

ಪೇದೆ ಕಣ್ಣು ತೆರೆಯದೆ ಹೇಳಿದ: "ಹಾಗಾದ್ರೆ ಎಲ್ರೂ ಓಡಿಹೋಗಿ ಬುದ್ಧಿ ಕಲೀಲಿ ಬಿಡಿ. ನಾನೂ ಮನೆಗೆ ಹೋಗಿ ಮಲಗ್ತೀನಿ."

"ನೀನೇನಂತೀಯೋ?" ಎಂದು ಮೇಸ್ತ್ರಿ ಕಳ್ಳನನ್ನು ಕೇಳಿದ.

"ನನ್ನ ಕೇಳ್ಬೇಡಿ ಅಣ್ಣ," ಎಂದು ಕಳ್ಳ ಬೇಡಿ ಅಲ್ಲಾಡಿಸಿದ, "ನಾನು ಅವರ ಪಾರ್ಟಿ."

ವಾರ್ಡೆಲ್ಲ ನಕ್ಕಿತು. ಎಣಿಕೆಯಪ್ಪ ನಗಲಿಲ್ಲ. ಮಲಗಿದಲ್ಲಿಂದಲೇ ಗದರಿದ, ಬ್ಯಾರಕ್ಕಿನ ಆ ಹಳೆಯ ದನಿ ಎಲ್ಲಿತ್ತೋ ಏನೋ ಎದ್ದು ಬಂತು. "ನಗೋ ಮಾತಲ್ಲ ಇದು. ಅವನು ಓಡಿದ ದಿನ ಕಾವಲಿಗಿದ್ದೋನ ಗತಿ ಏನಾಯ್ತು, ಕೇಳಿದ್ರಾ? ಸತ್ತೋರ ಮನೆಯೋರಿಗೆ ಏನು ಹೇಳ್ತೀರ? ವರ್ಷ ಕಳೀತು, ಸತ್ತೋನು ಎದ್ದು ಬಂದ್ನಾ? ಒಳಗೆ ಹಾಕ್ಬೇಕು. ಕೋಲೂರಿಕೊಂಡು ಬಂದ್ರೂ ಸರಿ, ಹೊತ್ಕೊಂಡು ಬಂದ್ರೂ ಸರಿ, ಉಳಿದದ್ದು ಅನುಭವಿಸ್ಬೇಕು!"

ಮೇಸ್ತ್ರಿ ಇನ್ನೊಂದು ಕಡೆ ತಿರುಗಿದ. "ಮಾಮಾ, ನೀವು ಹೇಳಿ, ನೀವೇನಂತೀರ?"

ಮಾಮ ದಿಂಬಿಗೆ ಕವರು ಹಾಕುತ್ತಿದ್ದ. "ನಂಗೇನು ತಿಳಿಯುತ್ತೆ," ಎಂದ. "ಹತ್ತನೇ ಬೆಡ್ಡಿನೋರು ಎದ್ದು ನಡೆದ್ರೆ ಸಾಕಾಗಿದೆ."

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಇನ್ನು ಕೂರಿಸಬಹುದು ಎಂದರು. ಮಾಮ ಬೆನ್ನ ಹಿಂದೆ ದಿಂಬು ಪೇರಿಸಿ ಅವನನ್ನು ಕೂರಿಸಿದ. ತಲೆ ಸುತ್ತಿತು, ಕಣ್ಣು ಕತ್ತಲಿಟ್ಟಿತು, ಮತ್ತೆ ತಿಳಿಯಾಯಿತು. ಎಣಿಕೆಯಪ್ಪ ಮೊದಲ ಬಾರಿಗೆ ವಾರ್ಡನ್ನು ಉದ್ದಕ್ಕೆ ನೋಡಿದ. ಎರಡು ಸಾಲು ಮಂಚ, ನಡುವೆ ದಾರಿ. ಖಾಲಿ ಇದ್ದ ಮಂಚಗಳ ಕಾಲ ಬದಿಯಲ್ಲಿ ಒಂದೊಂದು ಬೂದು ಕಂಬಳಿ. ಪ್ರತಿಯೊಂದೂ ಉದ್ದಕ್ಕೆ ಮಡಿಚಿ, ಸುತ್ತಿ, ಎರಡು ಮೂಲೆಗಳನ್ನು ಹೊರಗೆಳೆದು ನಿಲ್ಲಿಸಿತ್ತು. ಎರಡು ಕಿವಿ. ಸಾಲಾಗಿ ಕೂತ ಮೊಲಗಳು.

ಅವನು ಮೊದಲಿನಿಂದ ಕೊನೆಯವರೆಗೆ ನೋಡಿದ, ಕೊನೆಯಿಂದ ಮೊದಲಿನವರೆಗೆ ಮತ್ತೊಮ್ಮೆ ನೋಡಿದ.

ಆ ಮಡಿಕೆ ಅವನದು. ಅವನೇ ಹುಟ್ಟಿಸಿದ್ದು. ಕೈದಿಗಳು ಕಂಬಳಿಯ ಅಂಚು ಸೀಳಿ ಹಗ್ಗ ಹೊಸೆಯುತ್ತಾರೆ ಎಂಬ ಭಯ ಪ್ರತಿ ಜೈಲಿಗೂ ಇರುತ್ತದೆ. ಉಳಿದ ಬ್ಯಾರಕ್ಕುಗಳಲ್ಲಿ ಒಂದೊಂದೇ ಕಂಬಳಿ ಬಿಡಿಸಿ ನೋಡುತ್ತಿದ್ದರು. ಇವನು ತಲೆ ಓಡಿಸಿ ಈ ಕಿವಿ ಮಡಿಕೆ ತಂದ: ಅಂಚಿನಿಂದ ಒಂದು ಪಟ್ಟಿ ಹರಿದಿದ್ದರೂ ಕಿವಿ ಒಂದು ಉದ್ದ ಒಂದು ಗಿಡ್ಡ ಆಗುತ್ತದೆ, ಬಾಗಿಲಲ್ಲಿ ನಿಂತೇ ಕಂಡುಹಿಡಿಯಬಹುದು. ಜೊತೆಯ ಕಾವಲುಗಾರರು ಮೊಲ ಸಾಕ್ತಿದ್ದೀಯೇನಯ್ಯ ಎಂದು ಗೇಲಿ ಮಾಡಿದರೇ ಹೊರತು ಒಬ್ಬರೂ ಕಲಿಯಲಿಲ್ಲ. ಆ ಮಡಿಕೆ ಇದ್ದದ್ದು ಲೋಕದಲ್ಲಿ ಒಂದೇ ಬ್ಯಾರಕ್ಕಿನಲ್ಲಿ. ಅದನ್ನು ಬಲ್ಲವನು ಅವನ ಕೈದಿಯಾಗಿದ್ದಿರಲೇಬೇಕು.

ಮಾಮ ಆಚೆ ಸಾಲಿನಲ್ಲಿ ಬಗ್ಗಿ ಇನ್ನೊಂದು ಕಂಬಳಿ ಮಡಿಸುತ್ತಿದ್ದ. ಕೈ ಅದರಷ್ಟಕ್ಕೆ ಅದು ಕೆಲಸ ಮಾಡುತ್ತಿತ್ತು, ಕಣ್ಣು ಕಿಟಕಿಯ ಹೊರಗಿತ್ತು. ನರೆತ ತಲೆ, ಬಾಗಿದ ಬೆನ್ನು, ಜೋತ ಕೆನ್ನೆ. ಅವನ್ನೆಲ್ಲ ಒಂದೊಂದಾಗಿ ತೆಗೆದುಹಾಕಿ ಎಣಿಕೆಯಪ್ಪ ಆ ಮುಖದ ಒಳಗೆ ಇಣುಕಿದ. ಎಡ ಹುಬ್ಬಿನ ಮೇಲೆ ಅವನು ಎಂದೂ ಮರೆಯದ ಗಾಯದ ಗೆರೆ ಅಲ್ಲೇ ಇತ್ತು.

ಏಣಿ ಹೊತ್ತವನು!

ಎಣಿಕೆಯಪ್ಪನ ನೌಕರಿಯಲ್ಲಿ ಲೆಕ್ಕ ತಪ್ಪಿದ್ದು ಒಂದೇ ಸಂಜೆ. ಜೈಲಿನ ಅಧಿಕಾರಿಯ ಬಂಗಲೆಗೆ ಸುಣ್ಣ ಬಳಿಯಲು ಕೆಲವರನ್ನು ಹೊರಗೆ ಕರೆದೊಯ್ದಿದ್ದರು, ಕಾವಲು ಇವನದೇ. ಒಬ್ಬ ತರುಣ ಏಣಿಯನ್ನು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಬಕೆಟ್ಟು ಹಿಡಿದು, ಗೇಟಿನ ಕಡೆ ಸಾವಕಾಶ ನಡೆದುಹೋದ. ಏಣಿ ಹೊತ್ತವನನ್ನು ಯಾರು ತಡೆಯುತ್ತಾರೆ? ಗೇಟಿನವನು ಪಾಪ, ಏಣಿ ತಾಗೀತು ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಏಣಿ ಆಮೇಲೆ ರಸ್ತೆ ಕೊನೆಯ ಮರವೊಂದಕ್ಕೆ ಒರಗಿಸಿಟ್ಟದ್ದು ಸಿಕ್ಕಿತು, ಬಕೆಟ್ಟು ಅದರ ಬುಡದಲ್ಲಿತ್ತು. ಮನುಷ್ಯ ಸಿಗಲಿಲ್ಲ. ಎಣಿಕೆಯಪ್ಪ ಆ ಸಂಜೆ ಮುಂದಿನಿಂದ ಎಣಿಸಿದ, ಹಿಂದಿನಿಂದ ಎಣಿಸಿದ, ಕತ್ತಲಾಗುವವರೆಗೆ ಎಣಿಸಿದ. ಒಂದು ಕಡಿಮೆ. ಬಡ್ತಿ ನಿಂತಿತು. ಊರಿಗೆ ಊರೇ ನಗಾಡಿತು. ಅವನು ಬೀದಿಗೆ ಇಳಿದರೆ ಹುಡುಗರು ಏಣಿ ಹೊತ್ತವರಂತೆ ನಟಿಸಿ ಹಿಂದೆ ನಡೆಯುತ್ತಿದ್ದರು. ನಿವೃತ್ತನಾದ ಮೇಲೆ ಯಾರೂ ತನ್ನನ್ನು ಅರಿಯದ ಈ ಊರಿಗೆ ಬಂದು ಸೇರಿದ್ದು ಅದಕ್ಕೇ.

ಅದೆಲ್ಲ ಹೋಗಲಿ, ಮಾನ ಹೋದದ್ದಕ್ಕೆ ಮನುಷ್ಯ ಒಗ್ಗಿಕೊಳ್ಳುತ್ತಾನೆ. ಒಗ್ಗಿಕೊಳ್ಳಲಾಗದ್ದು ಇನ್ನೊಂದಿತ್ತು. ಈ ತರುಣ ಜಗಳದಲ್ಲಿ ಕಬ್ಬಿಣದ ಸಲಾಕೆಯಿಂದ ಹೊಡೆದು ಒಬ್ಬನನ್ನು ಕೊಂದಿದ್ದ. ಸತ್ತವನ ತಾಯಿ, ಇವನು ತಪ್ಪಿಸಿಕೊಂಡ ಸುದ್ದಿ ಕೇಳಿದ ಮೇಲೆ, ಜೈಲಿನ ಗೇಟಿಗೆ ಬರತೊಡಗಿದಳು. ಬಂದು ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಕೂರುತ್ತಿದ್ದಳು. "ಸಿಕ್ಕಿದ್ನಾ ಸ್ವಾಮಿ?" ಎನ್ನುತ್ತಿದ್ದಳು. "ಇನ್ನೂ ಇಲ್ಲ ತಾಯಿ. ಹಿಡೀತೀವಿ," ಎಂದು ಹೇಳುವ ಕೆಲಸ ಅವನದು. ವರ್ಷಗಟ್ಟಲೆ ಬಂದಳು. ಬರಬರುತ್ತಾ ಕೇಳುವುದನ್ನೂ ಬಿಟ್ಟಳು, ಸುಮ್ಮನೆ ಅವನ ಮುಖ ನೋಡಿ ಎದ್ದು ಹೋಗುತ್ತಿದ್ದಳು. ಆಮೇಲೆ ಒಮ್ಮೆ ಬರುವುದೂ ನಿಂತಿತು.

ಅಂಥವನ ಕೈಯಲ್ಲಿ ತಾನು ಹಾಲು ಕುಡಿದಿದ್ದೇನೆ! ಎಣಿಕೆಯಪ್ಪನಿಗೆ ಮೈಯೆಲ್ಲ ಉರಿಯಿತು. ಪೇದೆ ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ ಗೊರಕೆ ಹೊಡೆಯುತ್ತಿದ್ದ. ಒಂದು ಕೂಗು ಸಾಕು. ಬಾಯಿ ತೆರೆದವನು ಮುಚ್ಚಿದ. ಆಮೇಲೆ ನೋಡೋಣ ಎಂದುಕೊಂಡ. ಜೀವನದಲ್ಲಿ ಮೊದಲ ಬಾರಿಗೆ ಒಂದು ಕರ್ತವ್ಯವನ್ನು ಆಮೇಲೆ ಎಂದು ಮುಂದೂಡಿದ್ದು ಅವನಿಗೇ ಅಚ್ಚರಿಯಾಯಿತು.

ಸಂಜೆ ಮಾಮ ಅವನನ್ನು ಗಾಲಿ ಕುರ್ಚಿಯಲ್ಲಿ ಹಿಂದಿನ ಜಗಲಿಗೆ ತಳ್ಳಿಕೊಂಡು ಹೋದ. "ಗಡ್ಡ ಕಾಡಾಗಿದೆ ಯಜಮಾನ್ರೇ, ಬೋಳಿಸಿಬಿಡ್ತೀನಿ," ಎಂದ. ಸೋಪಿನ ನೊರೆ ಹಚ್ಚಿ, ಗದ್ದ ಎತ್ತಿ ಹಿಡಿದು, ಕತ್ತಿಯನ್ನು ಗಂಟಲಿಗೆ ತಂದ. ಸುತ್ತ ಯಾರೂ ಇರಲಿಲ್ಲ. ಒಣಗಲು ಹಾಕಿದ ಹಾಸಿಗೆ ಬಟ್ಟೆಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು.

ಎಣಿಕೆಯಪ್ಪ ಆ ಹೊತ್ತನ್ನೇ ಆರಿಸಿಕೊಂಡ. ಧೈರ್ಯವೋ, ಮೊಂಡುತನವೋ! "ಏಣಿ ಭಾರ ಇತ್ತಾ?" ಎಂದು ಕೇಳಿದ.

ಕತ್ತಿ ನಿಂತಿತು. ಗಂಟಲ ಗುಬುಟಿನ ಮೇಲೆ ತಣ್ಣಗೆ ನಿಂತಿತು. ಆಮೇಲೆ ಮತ್ತೆ ನಿಧಾನವಾಗಿ ಮೇಲಕ್ಕೆ ಸರಿಯಿತು.

"ಈಗ ಮಾತಾಡ್ಬೇಡಿ. ಗಾಯ ಆಗುತ್ತೆ."

ಪೂರ್ತಿ ಬೋಳಿಸಿ ಮುಗಿಸಿದ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಕಿವಿಯ ಹಿಂದೆ ಉಳಿದ ನೊರೆಯನ್ನೂ ತೆಗೆದು, ಕತ್ತಿ ತೊಳೆದು ಮಡಿಸಿಟ್ಟ. ಆಮೇಲೆ ಎದುರಿಗೆ ನೆಲದ ಮೇಲೆ ಕೂತ.

"ಭಾರ ಇತ್ತು, ಎಣಿಕೆಯಪ್ಪನೋರೇ."

ಆ ಹೆಸರನ್ನು ಎದುರಿಗೆ ಒಬ್ಬರು ಅಂದದ್ದು ಇದೇ ಮೊದಲು.

"ನೀವು ಬಂದ ದಿನವೇ ಗೊತ್ತಾಯ್ತು ನಂಗೆ," ಎಂದ ಮಾಮ.

"ಮತ್ತೆ ಯಾಕೆ ಓಡ್ಲಿಲ್ಲ?"

"ನಿಮ್ಮ ಜೊತೆ ಯಾರೂ ಇರ್ಲಿಲ್ವಲ್ಲ."

"ಗೊತ್ತಿದ್ದೂ ಗೊತ್ತಿದ್ದೂ ಕಂಬಳಿ ಹಾಗೆ ಮಡಿಸ್ತಿದ್ದೀಯಲ್ಲೋ, ಮೂರ್ಖ!"

ಮಾಮ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಅದು ನೆನಪೇ ಇರ್ಲಿಲ್ಲ. ಕೈಗೆ ಅದೊಂದೇ ಬರೋದು. ಎಷ್ಟು ವರ್ಷದಿಂದ ಹೀಗೇ ಮಡಿಸ್ತಿದ್ದೀನಿ, ಸಿಸ್ಟರೆಲ್ಲ ಚೆನ್ನಾಗಿದೆ ಅಂತಾರೆ."

ಎಣಿಕೆಯಪ್ಪನಿಗೆ ಬೈಯಬೇಕಿತ್ತು. ಅಷ್ಟು ವರ್ಷ ಕೂಡಿಟ್ಟ ಬೈಗುಳ ಒಂದೂ ನಾಲಿಗೆಗೆ ಬರಲಿಲ್ಲ. "ಹೆಂಡತಿ ಮಕ್ಕಳು?" ಎಂದ.

"ಹೆಣ್ಣು ಕೊಡೋರು ಮೊದ್ಲು ನೀನು ಯಾರ ಮಗ ಅಂತ ಕೇಳ್ತಾರೆ. ಏನು ಹೇಳ್ಲಿ? ಒಬ್ಬಳು ಇದ್ಲು, ಬಟ್ಟೆ ಒಗೆಯೋಕೆ ಬರ್ತಿದ್ಲು. ನಗ್ತಿದ್ಲು ನನ್ನ ನೋಡಿ. ಅವಳು ಹತ್ತಿರ ಬಂದ ಹಾಗೆಲ್ಲ ನಾನೇ ಮುಖ ತಿರುಗಿಸ್ಕೊಂಡೆ. ಯಾರ ಹತ್ರಾನೂ ಎರಡು ಮಾತಿಗಿಂತ ಹೆಚ್ಚು ಆಡಿಲ್ಲ ನಾನು. ಮೂರನೇ ಮಾತಿಗೆ ಊರು ಕೇಳ್ತಾರೆ. ಬಾಗಿಲು ತಟ್ಟಿದ್ರೆ ಇವತ್ತಿಗೂ ಎದೆ ಹೊಡ್ಕೊಳ್ಳುತ್ತೆ."

ಕನಿಕರ ಬರತೊಡಗಿತ್ತು. ಅದು ಬರುವುದು ಗೊತ್ತಾಗಿಯೇ ಎಣಿಕೆಯಪ್ಪ ಹೌಹಾರಿದ, ಅದನ್ನು ತಡೆಯಲು ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸಿದ. ಆ ತಾಯಿಯ ವಿಷಯ ಹೇಳಿದ. ಬೆಂಚು, ಅವಳು ಕೂರುತ್ತಿದ್ದ ತುದಿ, ಸಿಕ್ಕಿದ್ನಾ ಸ್ವಾಮಿ ಎಂಬ ಮಾತು, ಆಮೇಲೆ ಮಾತೂ ಇಲ್ಲದ ಆ ನೋಟ. ನೋಯಲಿ ಎಂದೇ ಹೇಳಿದ. ಒಂದನ್ನೂ ಬಿಡದೆ ಹೇಳಿದ.

ಮಾಮ ಮಡಿಸಿಟ್ಟ ಕತ್ತಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. "ನನ್ನ ಕೇಳ್ಕೊಂಡು ಬರ್ತಿದ್ರಾ?" ಎಂದ. "ನನ್ನನ್ನ ಹುಡುಕೋರು ಪೊಲೀಸ್ನೋರು ಮಾತ್ರ ಅಂದ್ಕೊಂಡಿದ್ದೆ."

ಸ್ವಲ್ಪ ಹೊತ್ತಿನ ಮೇಲೆ ಎದ್ದು ಕುರ್ಚಿಯ ಹಿಂದೆ ಬಂದ. "ಪೇದೆಗೆ ಹೇಳೋದಾದ್ರೆ ಹೇಳಿ, ನಾನು ಬೇಡ ಅನ್ನಲ್ಲ. ನೀವು ನಡೆಯೋ ತನಕ ತಡೀರಿ ಅಷ್ಟೆ. ಬೇರೆಯೋರಿಗೆ ನಿಮ್ಮನ್ನ ಎತ್ತೋ ರೀತಿ ಗೊತ್ತಿಲ್ಲ, ಮೂಳೆ ಜರುಗಿಬಿಡುತ್ತೆ." ಇಷ್ಟು ಹೇಳಿ ಕುರ್ಚಿ ತಳ್ಳಿದ.

ಎಣಿಕೆಯಪ್ಪನಿಗೆ ಇದು ಒಪ್ಪಂದದಂತೆ ಕಂಡಿತು. ನಡೆದ ದಿನ ಹೇಳಬೇಕು. ಸರಿ. ಆದರೆ ನಡೆಯುವ ದಿನ ಬರಲಿಲ್ಲ! ಡಾಕ್ಟರು ಎದ್ದು ನಿಲ್ಲಿ ಎಂದರೆ ಅಯ್ಯೋ ಎನ್ನುತ್ತಿದ್ದ. ಒಂದು ಹೆಜ್ಜೆ ಎಂದರೆ ಅಮ್ಮಾ ಎಂದು ಕಣ್ಣು ಮುಚ್ಚುತ್ತಿದ್ದ. ಎಕ್ಸರೇ ತೆಗೆದು ನೋಡಿದರೆ ಮೂಳೆ ಚೆನ್ನಾಗಿ ಕೂಡಿದೆ, ಮುದುಕ ಮಾತ್ರ ಏಳುತ್ತಿಲ್ಲ. ಡಾಕ್ಟರು ತಲೆ ಕೆರೆದುಕೊಂಡರು. ಗಾರೆ ಮೇಸ್ತ್ರಿ ಎರಡು ಕೋಲು ಹಿಡಿದು ವಾರ್ಡೆಲ್ಲ ಸುತ್ತಿ ಬಂದು, "ಏನ್ರೀ ಯಜಮಾನ್ರೇ, ಇಲ್ಲೇ ಠಿಕಾಣಿ ಹೂಡೋ ಅಂದಾಜಾ?" ಎಂದು ಕೆಣಕಿದ.

ಹೌದು, ಇಲ್ಲೇ ಇದ್ದುಬಿಡುವ ಆಸೆ ಅವನಿಗೆ ಹುಟ್ಟಿತ್ತು. ಸಂಜೆ ಜಗಲಿಯಲ್ಲಿ ಇಬ್ಬರೂ ಕೂರುತ್ತಿದ್ದರು. ಜೈಲಿನ ಹಳೆಯ ಅಡುಗೆಯವನು ಉಪ್ಪು ಮರೆಯುತ್ತಿದ್ದದ್ದು, ಬ್ಯಾರಕ್ಕಿನ ಸೋರುವ ಮೂಲೆ, ಎಲ್ಲರ ತಟ್ಟೆಯಲ್ಲೂ ಪಾಲು ಕೇಳುತ್ತಿದ್ದ ಒಂಟಿಗಣ್ಣಿನ ಬೆಕ್ಕು. ಇವನ್ನೆಲ್ಲ ಬಲ್ಲವರು ಭೂಮಿಯ ಮೇಲೆ ಇವರಿಬ್ಬರೇ ಉಳಿದಿದ್ದರೇನೋ. ಅಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬದುಕಿದ್ದರು. ಒಬ್ಬ ಸಿಕ್ಕಿಬೀಳುವೆನೆಂದು, ಇನ್ನೊಬ್ಬ ಸಿಗದೇಹೋಗುವನೆಂದು. ಈಗ ಮಾತಾಡಲು ಬೇರೆ ಯಾರೂ ಇರಲಿಲ್ಲ.

"ನಾಟಕ ಸಾಕು," ಎಂದ ಮಾಮ ಒಂದು ದಿನ ಮೆಲ್ಲಗೆ. "ನಿಮ್ಮ ಕಾಲು ಗಟ್ಟಿಯಾಗಿದೆ, ನನ್ನ ಕೈಗೆ ಗೊತ್ತಾಗುತ್ತೆ. ಏಳಿ."

"ಎದ್ದರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು. ಏಳಿ."

ಎದ್ದ. ಮಾಮನ ಹೆಗಲ ಮೇಲೆ ಕೈಯಿಟ್ಟು ನಡೆದ. ಎರಡು ಸಾಲು ಮಂಚಗಳ ನಡುವೆ, ಕಿವಿ ನಿಮಿರಿಸಿದ ಕಂಬಳಿಗಳನ್ನು ದಾಟಿ, ಬಾಗಿಲವರೆಗೆ ನಡೆದ. ವಾರ್ಡಿನವರು ಚಪ್ಪಾಳೆ ಹೊಡೆದರು, ಬೇಡಿ ಹಾಕಿಸಿಕೊಂಡಿದ್ದ ಕಳ್ಳ ಮಂಚದ ಸರಳು ಬಡಿದ. ಪೇದೆಯೂ ಎಚ್ಚರಾಗಿ ನಕ್ಕ. "ಭೇಷ್ ಯಜಮಾನ್ರೇ!"

ಎಣಿಕೆಯಪ್ಪ ಪೇದೆಯ ಮುಂದೆ ನಿಂತ. ಮಾಮ ಅವನ ಕೈಯನ್ನು ಹೆಗಲಿಂದ ತೆಗೆದು ಬಾಗಿಲ ಚೌಕಟ್ಟಿಗೆ ಹಿಡಿಸಿದ. ಹೇಳಲು ಎಣಿಕೆಯಪ್ಪ ಬಾಯಿ ತೆರೆದ. "ಚೆನ್ನಾಗಿದ್ದೀರೇನಪ್ಪ?" ಎಂದು ಕೇಳಿದ.

ಆಗ ಮಾಮನೇ ಹೇಳಿದ. ಹಾಸಿಗೆ ಬಟ್ಟೆಯ ವಿಷಯ ಹೇಳುವಷ್ಟೇ ಸಾದಾ ದನಿಯಲ್ಲಿ, ತಾನು ಯಾರು, ಯಾರನ್ನು ಕೊಂದದ್ದು, ಯಾವ ಜೈಲಿಂದ ಹೊರಗೆ ನಡೆದುಬಂದದ್ದು ಎಂದು ಹೇಳಿದ. ಪೇದೆ ಹೋ ಎಂದು ನಕ್ಕ.

"ಹೋಗಿ ಮಾಮಾ, ಬೆಳಿಗ್ಗೆ ಬೆಳಿಗ್ಗೆ ತಮಾಷೆ. ನೀವು ಸೊಳ್ಳೆ ಹೊಡೆಯೋಕೂ ಹಿಂದೆ ಮುಂದೆ ನೋಡೋರು."

"ತಮಾಷೆ ಅಲ್ಲ. ಅವತ್ತು ಕಾವಲಿಗಿದ್ದೋರು ಇವರೇ. ಕೇಳಿ ನೋಡಿ."

ಪೇದೆಯ ನಗು ಅರ್ಧಕ್ಕೇ ನಿಂತಿತು. ಎಣಿಕೆಯಪ್ಪನ ಕಡೆ ತಿರುಗಿದ. "ಹೌದಾ ಯಜಮಾನ್ರೇ? ಆ ಮನುಷ್ಯ ಇವನೇನಾ?"

ಇಂಥ ಪ್ರಶ್ನೆಯನ್ನು ಯಾರಾದರೂ ಒಮ್ಮೆ ಕೇಳಲಿ ಎಂದು ಎಣಿಕೆಯಪ್ಪ ಎಷ್ಟು ವರ್ಷ ಹಂಬಲಿಸಿದ್ದ! ಉತ್ತರವನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿ ನೋಡಿಕೊಂಡಿದ್ದ! ಈಗ ಆ ತಾಯಿ ನೆನಪಾದಳು. ಅಂಗಡಿಯ ಮೇಲಿನ ತನ್ನ ಕೋಣೆ ನೆನಪಾಯಿತು, ಬಚ್ಚಲಿನ ಆ ತಣ್ಣನೆಯ ನೆಲ ನೆನಪಾಯಿತು.

"ಅಲ್ಲ," ಎಂದ. "ಇವನಲ್ಲ. ಇವನಿಗೆ ತಲೆ ಕೆಟ್ಟಿದೆ. ಅವನು ಎತ್ತರ ಇದ್ದ."

ಪೇದೆ ನಿಟ್ಟುಸಿರುಬಿಟ್ಟು ಕುರ್ಚಿಗೆ ಒರಗಿದ. ಮಾಮ ಮಾತ್ರ ಅಲ್ಲಾಡಲಿಲ್ಲ. ಮುದುಕನ ಮುಖವನ್ನೇ ನೋಡುತ್ತಾ ನಿಂತ, ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಎಣಿಕೆಯಪ್ಪನೋರೇ," ಎಂದ. "ಇನ್ನೊಂದ್ಸಲ ಎಣಿಸಿ."

"ಬೇಡ ಕಣೋ," ಎಂದ ಎಣಿಕೆಯಪ್ಪ. "ಆಯಮ್ಮ ಈಗ ಬದುಕಿರಲ್ಲ. ಯಾರಿಗೋಸ್ಕರ ಹೋಗ್ತೀಯ? ಕೇಳೋರು ಯಾರೂ ಉಳಿದಿಲ್ಲ."

"ಅವರು ಕೇಳಿದ್ದು ಈಗ ನನ್ನ ಕಿವಿಗೆ ಬಿತ್ತಲ್ಲ. ನೀವೇ ಹಾಕಿದ್ದು."

ಅದು ನಿಜ. ಪೊಲೀಸರಿಗೆ ಒಂದು ಮಾತೂ ಹೇಳದೆ ಎಣಿಕೆಯಪ್ಪ ಮಾಮನನ್ನು ಹಿಡಿದುಕೊಟ್ಟಿದ್ದ, ಆ ಸಂಜೆ ಜಗಲಿಯಲ್ಲೇ. ಪೇದೆ ಒಮ್ಮೆ ಇವನನ್ನೂ ಒಮ್ಮೆ ಅವನನ್ನೂ ನೋಡುತ್ತಾ ಎದ್ದು ನಿಂತು ಟೋಪಿ ಹಾಕಿಕೊಂಡ. ಎಣಿಕೆಯಪ್ಪ ತಲೆ ತಗ್ಗಿಸಿದ. ಆಮೇಲೆ, ಹೌದು ಎಂಬಂತೆ, ಒಮ್ಮೆ ತಲೆಯಾಡಿಸಿದ.

ಸಂಜೆಯ ಹೊತ್ತಿಗೆ ಮಾಮನನ್ನು ಕರೆದೊಯ್ದರು. ಸಿಸ್ಟರು ಅತ್ತಳು. ಹೋಗುವ ಮುಂಚೆ ಅವನು ಉಳಿದಿದ್ದ ಕಂಬಳಿಗಳನ್ನೆಲ್ಲ ಮಡಿಸಿ ಮುಗಿಸಿದ್ದ. ಗಾರೆ ಮೇಸ್ತ್ರಿ ಇಡೀ ಸಂಜೆ ಎಣಿಕೆಯಪ್ಪನ ಜೊತೆ ಮಾತು ಬಿಟ್ಟಿದ್ದ. ಕೊನೆಗೆ ತಡೆಯಲಾಗದೆ ಕೇಳಿದ: "ಯಾರಿಗೆ ಏನು ಒಳ್ಳೇದಾಯ್ತು ಹೇಳಿ? ನಮಗೆ ಇದ್ದ ಒಬ್ಬ ಮನುಷ್ಯನೂ ಹೋದ." ಒಳಗೆ ಹಾಕಲೇಬೇಕು ಎಂದು ಗುಡುಗಿದ್ದವನು ಎಣಿಕೆಯಪ್ಪನೇ, ಅದೇ ಹಾಸಿಗೆಯಿಂದ. ಈಗಲೂ ಯಾರಾದರೂ ಕೇಳಿದರೆ ಅದೇ ಹೇಳಬೇಕೋ ಏನೋ. ಆ ತಾಯಿ ಬಂದು ಕೂತರೆ ಬೇರೆ ಏನು ಹೇಳುವುದಕ್ಕಾಗುತ್ತದೆ? ಆದರೆ ಅಂದು ಅವನನ್ನು ತಿರುಗಿಸಿ ಮಲಗಿಸಲು ಬಂದ ಹೊಸಬ ಹೆಗಲ ಕೆಳಗೆ ಕೈ ಹಾಕಲಿಲ್ಲ, ತೋಳು ಹಿಡಿದು ಎಳೆದ. ನೋವಿಗೆ ಹಲ್ಲು ಕಚ್ಚಿ ಎಣಿಕೆಯಪ್ಪ ಗೋಡೆಗೆ ಮುಖ ಮಾಡಿ ಮಲಗಿದ.

ಕೋಲು ಹಿಡಿದು ಓಡಾಡುವಷ್ಟಾದ ಮೇಲೆ ಅವನು ಬಸ್ಸು ಹತ್ತಿದ. ಎಂದೂ ಕಾಲಿಡುವುದಿಲ್ಲ ಎಂದುಕೊಂಡಿದ್ದ ಊರಿನಲ್ಲಿ ಇಳಿದ. ಜೈಲಿನ ಗೋಡೆಗೆ ಹೊಸ ಸುಣ್ಣ ಬಳಿದಿದ್ದರು, ಗೇಟಿನ ಕಾವಲಿಗೆ ಹೊಸ ಮುಖಗಳಿದ್ದವು. ಹೊರಗಿನ ಬೆಂಚು ಮಾತ್ರ ಅದೇ. ಅವನು ಒಂದು ತುದಿಗೆ ಕೂತ. ಇನ್ನೊಂದು ತುದಿಗೆ ಕೂರಲು ಮನಸ್ಸಾಗಲಿಲ್ಲ, ಅದು ಅವಳದು.

ಒಳಗೆ ಬೆಳಗಿನ ಎಣಿಕೆ ನಡೆಯುತ್ತಿತ್ತು. ಅದರ ಲಯ ಅವನ ಕಿವಿಗೆ ಈಗಲೂ ಗೊತ್ತು. ಸಾಲು ಸಾಲಾಗಿ ದನಿಗಳು, ಕೊನೆಗೆ ಒಂದು ದೊಡ್ಡ ಕೂಗು: "ಸರಿ!" ಈ ಒಂದು ಕೂಗಿಗಾಗಿ ಅವನು ಮುಪ್ಪಾಗುವವರೆಗೆ ಕಾದಿದ್ದ. ಲೆಕ್ಕ ಸರಿಹೋಗಿತ್ತು, ಒಂದೂ ಕಡಿಮೆ ಇರಲಿಲ್ಲ. ಅವನಿಗೆ ಅಳು ಬಂತು, ಈ ಸಲ ಅದನ್ನು ಯಾವ ಘಾಟಿನ ಮೇಲೂ ಹಾಕಲಿಲ್ಲ.

ಭೇಟಿಯ ಕಿಟಕಿ ತೆರೆಯಿತು. ಒಳಗಿದ್ದ ಕಾವಲುಗಾರ ತಲೆ ಎತ್ತದೆ ಕೇಳಿದ: "ಯಾರನ್ನ ನೋಡ್ಬೇಕು?"

ಹೇಳಿದ.

"ಅವನಿಗೆ ಯಾರೂ ಇಲ್ಲ ಅಂತ ಬರೆಸಿದ್ದಾನಲ್ಲ. ನೀವೇನಾಗ್ಬೇಕು ಅವನಿಗೆ? ರಕ್ತಸಂಬಂಧ ಇಲ್ದೆ ಬಿಡೋ ಹಾಗಿಲ್ಲ."

ಆ ನಿಯಮ ಎಣಿಕೆಯಪ್ಪನಿಗೆ ಹೊಸದೇ? ಇದೇ ಕಿಟಕಿಯಲ್ಲಿ ಕೂತು, ಇದೇ ಮಾತು ಹೇಳಿ, ಗೆಳೆಯರನ್ನೂ ನೆರೆಯವರನ್ನೂ, ಯಾವ ಹೆಸರೂ ಇಲ್ಲದ ನಂಟಿನವರನ್ನೂ ಅವನು ಎಷ್ಟೋ ಸಲ ವಾಪಸು ಕಳಿಸಿದ್ದ. ಒಬ್ಬರಿಗೂ ವಿನಾಯಿತಿ ಕೊಟ್ಟವನಲ್ಲ.

"ಅಣ್ಣ," ಎಂದ.

"ಸ್ವಂತ ಅಣ್ಣನಾ?"

ಎಣಿಕೆಯಪ್ಪ ಕೋಲನ್ನು ಗಟ್ಟಿಯಾಗಿ ಊರಿ ನೆಟ್ಟಗೆ ನಿಂತ.

"ಸ್ವಂತ ಅಣ್ಣ," ಎಂದ. "ಅವನ ಜೊತೆಗೆ ನಾನಿದ್ದೀನಿ. ಬರ್ಕೊಳ್ಳಿ."